ಟ್ರಂಕಿನಲ್ಲಿದ್ದ ಹದಿನಾರು ಟ್ರ್ಯಾಕು

ಕಳೆದ ಆಟಿ ತಿಂಗಳಲ್ಲಿ, ಭಯಂಕರ ಮಳೆ ಹೊಯ್ತಿದ್ದ ಒಂದು ಸಂಜೆ, ಒಂದು ಫೋನ್ ಬಂತು. ನಾನು ಹಿಂದೆ ಕೆಲಸ ಮಾಡ್ತಿದ್ದ ಸ್ಟುಡಿಯೋದ ಧಣಿಯ ಮಗ. ಸ್ಟುಡಿಯೋ ಅಂದ್ರೆ ದೊಡ್ಡದೆಂತ ಅಲ್ಲ, ಮಂಗಳೂರಿನ ಕಂಕನಾಡಿ ಹತ್ತಿರ ಒಂದು ಮನೆಯ ಮಾಳಿಗೆ, ಗೋಡೆ ತುಂಬ ತೆಂಗಿನ ನಾರು ಒತ್ತಿ ಮೇಲಿಂದ ಗೋಣಿ ಬಟ್ಟೆ ಹೊಡೆದದ್ದು, ಎಸಿ ಹಾಕಿದ್ರೆ ರೆಕಾರ್ಡಿಂಗಲ್ಲಿ ಬರ್ತದೆ ಅಂತ ಟೇಕ್ ಶುರು ಆಗುವಾಗ ಆಫ್ ಮಾಡುದು, ಎಲ್ಲರೂ ಬೆವರಿ ಚಂಡಿ. ತುಳು ನಾಟಕದ ಹಾಡು, ಭಕ್ತಿಗೀತೆ, ಕೊಂಕಣಿ ಕ್ಯಾಸೆಟ್ಟು, ತಾಳಮದ್ದಳೆ, ಎಲ್ಲ ಅಲ್ಲೇ ಆಗ್ತಿದ್ದದ್ದು. ಧಣಿ ತೀರಿಕೊಂಡು ಮೂರು ವರ್ಷ ಆಯ್ತು.

ಮಗ ಹೇಳಿದ್ದು ಎಂತ ಅಂದ್ರೆ, ಮನೆ ಕೊಡ್ಲಿಕ್ಕುಂಟು, ಅಟ್ಟದಲ್ಲಿ ಒಂದು ಕಬ್ಬಿಣದ ಟ್ರಂಕು ತುಂಬ ವಿಎಚ್‌ಎಸ್ ಕ್ಯಾಸೆಟ್ ಉಂಟು, ಯಾರದ್ದೋ ಮದುವೆ ವಿಡಿಯೋ ಇರ್ಬೇಕು ಅಂತ ಡಿಜಿಟಲ್ ಮಾಡುವ ಅಂಗಡಿಗೆ ನಾಲ್ಕು ಕೊಟ್ಟು ನೋಡಿದ್ವಿ, ಅವ್ರು ಎಲ್ಲ ಖಾಲಿ, ಬರೀ ಗೆರೆ ಬರ್ತದೆ ಅಂತ ವಾಪಸ್ ಕೊಟ್ರು, ಬಿಸಾಡುದಾ ಅಣ್ಣ? ನಂಗೆ ಕೈ ನಡುಗಿತು ಮಾರಾಯ್ರೆ. ಬಿಸಾಡ್ಬೇಡಿ, ನಾನೇ ಬರ್ತೇನೆ ಅಂತ ಹೇಳಿ ಅದೇ ಮಳೆಯಲ್ಲಿ ರಿಕ್ಷಾ ಮಾಡ್ಕೊಂಡು ಹೋದೆ.

ಅದು ಮದುವೆ ಅಲ್ಲ. ಅದು ಏಡ್ಯಾಟ್ ಟೇಪು.

ಈಗಿನ ಹುಡುಗರಿಗೆ ಇದು ಗೊತ್ತಿರ್ಲಿಕ್ಕಿಲ್ಲ, ಹಾಗಾಗಿ ಚೂರು ಹೇಳ್ತೇನೆ. ಅಲೀಸಿಸ್ ಕಂಪನಿಯವರು 1991ರಲ್ಲಿ ತೋರಿಸಿ 1992ರಲ್ಲಿ ಮಾರ್ಕೆಟಿಗೆ ಬಿಟ್ಟ ಮಷೀನ್ ಅದು, ಕೀತ್ ಬಾರ್ ಅಂತ ಆ ಕಂಪನಿ ಕಟ್ಟಿದವರು. ಎಂಟು ಟ್ರ್ಯಾಕಿನ, ಅಂದ್ರೆ ಎಂಟು ಶಬ್ದವನ್ನು ಬೇರೆ ಬೇರೆ ಹಿಡಿದಿಡುವ ಡಿಜಿಟಲ್ ರೆಕಾರ್ಡರ್, ಆದ್ರೆ ಟೇಪಿಗೆ ಬೇರೆ ಹೊಸತೆಂತದೂ ಬೇಡ, ಎಸ್‌-ವಿಎಚ್‌ಎಸ್ ಕ್ಯಾಸೆಟ್ ಸಾಕು, ವಿಡಿಯೋ ಅಂಗಡಿಯಲ್ಲಿ ಸಿಗುವಂಥದ್ದೇ. ವಿಡಿಯೋದಲ್ಲಿ ಎರಡು ಗಂಟೆ ಓಡುವ ಕ್ಯಾಸೆಟ್ಟನ್ನು ಇದು ಮೂರು ಪಟ್ಟು ಜೋರು ಓಡಿಸ್ತದೆ, ಹಾಗಾಗಿ ಸಿಗುದು ಸುಮಾರು 40 ನಿಮಿಷ. ಅದಕ್ಕಿಂತ ಮೊದಲು ನಮ್ಮಂಥ ಊರಲ್ಲಿ ಮಲ್ಟಿಟ್ರ್ಯಾಕ್ ಅಂದ್ರೆ ಕನಸು, ಅಗಲದ ಟೇಪಿನ ದೊಡ್ಡ ಮಷೀನು ಬೇಕು, ಅದೆಲ್ಲ ಬೆಂಗಳೂರು ಮದ್ರಾಸಿನ ಮಾತು. ಇದು ಬಂದ ಮೇಲೆ ಒಂದು ಮಷೀನ್ ಇಟ್ರೆ ಎಂಟು ಟ್ರ್ಯಾಕು, ಇನ್ನೊಂದು ತಂದು 9 ಪಿನ್ನಿನ ಒಂದು ಕೇಬಲ್ ಚುಚ್ಚಿದ್ರೆ ಹದಿನಾರು, ಹಾಗೇ ಹದಿನಾರು ಮಷೀನ್ ಸೇರಿಸಿ 128 ಟ್ರ್ಯಾಕಿನ ತನಕ ಹೋಗ್ಲಿಕ್ಕಾಗ್ತದೆ. ನಮ್ಮ ಧಣಿ ಎರಡಕ್ಕೆ ನಿಲ್ಲಿಸಿದ್ರು. ಒಂದು ಮಸ್ಕತ್‌ನಿಂದ ಬಂದದ್ದು, ಇನ್ನೊಂದು ಬಹರೈನ್‌ನಿಂದ, ಎರಡೂ ಯಾರ್ಯಾರದೋ ಲಗೇಜಲ್ಲಿ.

ನನ್ನ ಕೆಲಸ ಆಗ ಎಂತ ಗೊತ್ತುಂಟಾ, ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ಟೇಪ್ ಫಾರ್ಮ್ಯಾಟ್ ಮಾಡುದು. ಹೊಸ ಟೇಪಿಗೆ ಮೊದಲು ಆದಿಯಿಂದ ಅಂತ್ಯದ ತನಕ ಮಷೀನು ತನ್ನ ಟೈಮಿನ ಗುರುತು ಬರೀಬೇಕು, ಅದು ಓಡುವ ಸ್ಪೀಡಲ್ಲೇ ಆಗುದು, 40 ನಿಮಿಷದ ಟೇಪಿಗೆ 40 ನಿಮಿಷ ಮತ್ತೆ ಚೂರು ಜಾಸ್ತಿ. ಹಾಡುವವರು ಬರುವ ಮೊದಲು ಎರಡು ಟೇಪ್ ರೆಡಿ ಇರ್ಬೇಕು. ನಾನು ಅಲ್ಲಿ ಕೂತು ಗೋಳಿಬಜೆ ತಿಂತಾ ಡಿಸ್‌ಪ್ಲೇಯಲ್ಲಿ ನಂಬರ್ ಓಡುದನ್ನು ನೋಡ್ತಿದ್ದೆ, ಆ ನಂಬರಿಗೆ ಎಂತ ಬೆಲೆ ಅಂತ ಅರ್ಥ ಆದದ್ದು ಕಳೆದ ವರ್ಷ, ಅಂದ್ರೆ ಇಪ್ಪತ್ತೈದು ವರ್ಷ ಕಳೆದ ಮೇಲೆ.

ಟ್ರಂಕಿನಲ್ಲಿ ಇದ್ದದ್ದು 27 ಟೇಪು. ಅರ್ಧಕ್ಕರ್ಧ ಲೇಬಲ್ ಜಿರಳೆ ತಿಂದಿದೆ. ಒಂದು ಜೋಡಿ ಮಾತ್ರ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಇಟ್ಟದ್ದು, 1/2, 2/2 ಅಂತ ಧಣಿಯ ಅಕ್ಷರ. ನಂಗೆ ನೆನಪಾಯ್ತು, ಅದೊಂದು ತುಳು ಭಕ್ತಿಗೀತೆ ಕ್ಯಾಸೆಟ್ಟು, ಹದಿನಾರು ಟ್ರ್ಯಾಕ್ ಪೂರ್ತಿ ತುಂಬಿಸಿದ್ದು ಅದರಲ್ಲಿ ಮಾತ್ರ. ಮೊದಲ ಟೇಪಲ್ಲಿ ಕೀಬೋರ್ಡು, ತಬಲ, ಢೋಲಕ್, ಮತ್ತೆ ತಾಳ ಹಿಡೀಲಿಕ್ಕೆ ಟಿಕ್ ಟಿಕ್ ಅನ್ನುವ ಕ್ಲಿಕ್ಕು. ಎರಡನೇ ಟೇಪಲ್ಲಿ ಹಾಡು, ಕೋರಸ್, ಕೊಳಲು, ಪಿಟೀಲು. ಅಂದ್ರೆ ಒಂದರಲ್ಲಿ ತಾಳ, ಒಂದರಲ್ಲಿ ರಾಗ. ಎರಡೂ ಸೇರದಿದ್ರೆ ಎರಡೂ ದಂಡ.

ನನ್ನ ಹತ್ತಿರ ಏಡ್ಯಾಟಿನದ್ದೇ ಒಂದು ಎಕ್ಸ್‌ಟಿ ಮಾಡೆಲ್ ಉಂಟು, ಸ್ಟುಡಿಯೋ ಮುಚ್ಚುವಾಗ ಸಂಬಳ ಬಾಕಿಯ ಬದಲಿಗೆ ಸಿಕ್ಕಿದ್ದು. ಹೆಂಡತಿ ಅದರ ಮೇಲೆ ಟಿವಿ ಸೆಟ್‌ಟಾಪ್ ಬಾಕ್ಸ್ ಇಟ್ಟಿದ್ಲು. ಅದನ್ನು ತೆಗೆದು ಮುಚ್ಚಳ ಬಿಚ್ಚಿ ಧೂಳು ಕೊಡವಿ ಕರೆಂಟ್ ಕೊಟ್ರೆ ಲೈಟ್ ಬಂತು. ಆದ್ರೆ ರಪ್ಪ ಟೇಪ್ ಹಾಕ್ಲಿಕ್ಕೆ ಹೋಗ್ಲಿಲ್ಲ ನಾನು. ನಮ್ಮ ಊರಿನ ಹವೆ ನಿಮಗೆ ಗೊತ್ತಲ್ಲ, ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಎಲ್ಲದಕ್ಕೂ ಬೂಸ್ಟ್, ಅಂದ್ರೆ ಫಂಗಸ್ ಬರ್ತದೆ, ಟೇಪ್ ಬಿಡ್ತದಾ. ಕ್ಯಾಸೆಟ್ಟಿನ ಕಿಟಕಿಗೆ ಟಾರ್ಚ್ ಹಿಡಿದು ನೋಡ್ಬೇಕು, ಸುರುಳಿಯ ಬದಿಯಲ್ಲಿ ಬಿಳಿ ಪುಡಿ ಕಂಡ್ರೆ ಅದನ್ನು ಮಷೀನಿಗೆ ತೋರಿಸ್ಲೇಬಾರ್ದು, ಒಂದು ಟೇಪಿನ ಬೂಸ್ಟು ಟೇಪ್ ಓದುವ ಹೆಡ್ಡಿಗೆ ಹತ್ತಿ ಮತ್ತೆ ಹಾಕಿದ ಎಲ್ಲ ಟೇಪಿಗೂ ಹರಡ್ತದೆ. ಹಾಗೆ ಆರು ಟೇಪ್ ಬೇರೆ ಇಟ್ಟೆ. ಉಳಿದದ್ದನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿ ಎರಡು ವಾರ ಇಟ್ಟೆ. ಅಮ್ಮ, ಅಕ್ಕಿ ಡಬ್ಬದಲ್ಲಿ ಇಡು ಅಂದ್ರು, ಅಕ್ಕಿಯ ಧೂಳು ಹೆಡ್ಡಿಗೆ ಹೋದ್ರೆ ಅಂತ ಬೇಡ ಅಂದೆ.

ಇನ್ನೊಂದು ವಿಷಯ, ಇದನ್ನು ಮರೀಬೇಡಿ. ಕ್ಯಾಸೆಟ್ಟಿನ ಬೆನ್ನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ನಾಲಿಗೆ ಇರ್ತದೆ ಅಲ್ವಾ, ಅದನ್ನು ಮುರಿದೇ ಮಷೀನಿಗೆ ಹಾಕ್ಬೇಕು. ಫಾರ್ಮ್ಯಾಟ್ ಬಟನ್ ಮತ್ತೆ ರೆಕಾರ್ಡ್ ಬಟನ್ ಕೈತಪ್ಪಿ ಒತ್ತಿ ಹೋದ್ರೆ ಆಯ್ತು ಕಥೆ. ಕೈಯಲ್ಲಿರುದು ಪ್ರಪಂಚದಲ್ಲಿ ಒಂದೇ ಕಾಪಿ. ನಾಲಿಗೆ ಮುರಿದಿದ್ರೆ ಮಷೀನ್ ಬರೀಲಿಕ್ಕೆ ಒಪ್ಪುದಿಲ್ಲ. ಮತ್ತೆ ಪ್ಲೇ ಮಾಡುವ ಮೊದಲು ಒಮ್ಮೆ ಕೊನೆ ತನಕ ಓಡಿಸಿ ವಾಪಸ್ ಸುತ್ತಿಸ್ಬೇಕು, ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಕೂತ ಟೇಪು ಅಂಟಿಕೊಂಡಿರ್ತದೆ, ಒಂದೊಂದು ಕಡೆ ಬಿಗಿ ಒಂದೊಂದು ಕಡೆ ಸಡಿಲ.

ಸರಿ, ಟ್ರಾನ್ಸ್‌ಫರ್. ಈ ಮಷೀನಿನ ಹಿಂದೆ ಎಂಟು ಅನಲಾಗ್ ಔಟ್ ಉಂಟು, ಜೊತೆಗೆ ಒಂದು ಆಪ್ಟಿಕಲ್ ಔಟ್ ಉಂಟು, ಒಂದೇ ಸಪೂರದ ಕೇಬಲಲ್ಲಿ ಎಂಟು ಟ್ರ್ಯಾಕ್ ಬೆಳಕಾಗಿ ಹೋಗುದು. ಮಷೀನ್ ಹೋದ್ರೂ ಆ ಕೇಬಲಿನ ಪದ್ಧತಿ ಉಳಿದಿದೆ ನೋಡಿ, ಇವತ್ತಿನ ಹೊಸ ಇಂಟರ್ಫೇಸಲ್ಲೂ, ಅಂದ್ರೆ ಕಂಪ್ಯೂಟರಿಗೆ ಶಬ್ದ ಒಳಗೆ ಕಳಿಸುವ ಪೆಟ್ಟಿಗೆಯಲ್ಲೂ, ಏಡ್ಯಾಟ್ ಇನ್ ಅಂತ ಬರೆದಿರ್ತದೆ, ಎಷ್ಟೋ ಹುಡುಗರಿಗೆ ಅದು ಒಂದು ಟೇಪ್ ಮಷೀನಿನ ಹೆಸರು ಅಂತ್ಲೇ ಗೊತ್ತಿಲ್ಲ. ನಾನು ಕೇಬಲ್ ಹಾಕಿ, ಕಂಪ್ಯೂಟರಲ್ಲಿ ರೀಪರ್ ಅಂತ ರೆಕಾರ್ಡಿಂಗ್ ಸಾಫ್ಟ್‌ವೇರ್ ಓಪನ್ ಮಾಡಿ, ಎಂಟು ಟ್ರ್ಯಾಕ್ ರೆಕಾರ್ಡಿಗೆ ರೆಡಿ ಇಟ್ಟು, ರೆಕಾರ್ಡ್ ಕೊಟ್ಟು ಆಮೇಲೆ ಮಷೀನಲ್ಲಿ ಪ್ಲೇ ಒತ್ತಿದೆ. ತಬಲ ಬಂತು! ಕಣ್ಣಲ್ಲಿ ನೀರು ಬರುದೊಂದು ಬಾಕಿ. ಆದ್ರೆ ಎರಡು ಸೆಕೆಂಡಿಗೊಮ್ಮೆ ಟಕ್ ಅಂತ ಒಂದು ಶಬ್ದ. ಟಕ್. ಟಕ್. ನಾನು ಟೇಪ್ ಹಾಳಾಗಿದೆ ಅಂತ ಹೆಡ್ ಕ್ಲೀನ್ ಮಾಡಿದೆ, ಕೇಬಲ್ ಬದಲಾಯಿಸಿದೆ, ಬೇರೆ ಟೇಪ್ ಹಾಕಿದೆ, ಟಕ್ ಹೋಗ್ಲೇ ಇಲ್ಲ. ರಾತ್ರಿ ಒಂದು ಗಂಟೆ ತನಕ ಮಂಡೆಬಿಸಿ.

ತಪ್ಪು ನಂದೇ. ಇಂಟರ್ಫೇಸಿನ ಕ್ಲಾಕ್ ಇಂಟರ್ನಲ್‌ಗೆ ಇಟ್ಟಿದ್ದೆ. ಅಂದ್ರೆ ಎಂತ, ಮಷೀನ್ ತನ್ನ ಸ್ಫಟಿಕದ ಗಡಿಯಾರ ನೋಡ್ಕೊಂಡು ಸೆಕೆಂಡಿಗೆ 48,000 ಸ್ಯಾಂಪಲ್, ಅಂದ್ರೆ ಶಬ್ದದ ಅಳತೆಯ ನಂಬರ್, ಕಳಿಸ್ತಾ ಉಂಟು, ನನ್ನ ಇಂಟರ್ಫೇಸ್ ತನ್ನ ಗಡಿಯಾರ ನೋಡ್ಕೊಂಡು 48,000 ತಗೊಳ್ತಾ ಉಂಟು, ಎರಡು ಗಡಿಯಾರದ ಸೆಕೆಂಡ್ ಒಂದೇ ಅಲ್ಲ. ಹತ್ತು ಲಕ್ಷದಲ್ಲಿ ಹತ್ತು ಪಾಲು ವ್ಯತ್ಯಾಸ ಇದ್ರೆ ಸಾಕು, ಎರಡು ಸೆಕೆಂಡಿಗೆ ಒಂದು ಸ್ಯಾಂಪಲ್ ಹೆಚ್ಚುಕಡಿಮೆ ಆಗ್ತದೆ, ಆ ಒಂದು ಸ್ಯಾಂಪಲ್ ಬಿದ್ದುಹೋದ ಜಾಗದಲ್ಲಿ ಟಕ್. ಇಂಟರ್ಫೇಸಿನ ಸೆಟ್ಟಿಂಗಲ್ಲಿ ಕ್ಲಾಕ್ ಸೋರ್ಸ್ ಆಪ್ಟಿಕಲ್ ಅಂತ ಮಾಡಿದೆ, ಟಕ್ ನಿಂತಿತು. ಟೇಪ್ ಓಡುವಾಗ ಮಷೀನೇ ಯಜಮಾನ, ಕಂಪ್ಯೂಟರ್ ಅದರ ಹಿಂದೆ ಕೈಕಟ್ಟಿ ನಡೀಬೇಕು. ಎಷ್ಟು ದೊಡ್ಡ ಕಂಪ್ಯೂಟರ್ ಆದ್ರೂ.

ಆಮೇಲೆ ಒಂದು ಟೆಸ್ಟ್ ಮಾಡಿದೆ, ಇದು ನಂಗೆ ಭಾರಿ ಖುಷಿ ಕೊಟ್ಟದ್ದು. ಅದೇ ಟೇಪನ್ನು ಎರಡು ಸಲ ಟ್ರಾನ್ಸ್‌ಫರ್ ಮಾಡಿದೆ. ಎರಡನ್ನೂ ರೀಪರಲ್ಲಿ ಒಂದರ ಕೆಳಗೊಂದು ಇಟ್ಟು, ಮೊದಲ ಕ್ಲಿಕ್ಕಿಗೆ ಸ್ಯಾಂಪಲ್ ಲೆಕ್ಕದಲ್ಲಿ ಜೋಡಿಸಿ, ಒಂದರ ಫೇಸ್ ಉಲ್ಟಾ, ಅಂದ್ರೆ ಶಬ್ದದ ಅಲೆಯನ್ನು ತಲೆಕೆಳಗು ಮಾಡಿದೆ. ಎರಡೂ ನಿಜವಾಗ್ಲೂ ಒಂದೇ ಆದ್ರೆ ಒಂದು ಇನ್ನೊಂದನ್ನು ತಿಂದು ಪೂರ್ತಿ ಸೈಲೆಂಟ್ ಆಗ್ಬೇಕು. ಪ್ಲೇ ಕೊಟ್ಟೆ. ಏನೂ ಇಲ್ಲ. ಮೀಟರ್ ಅಲ್ಲಾಡ್ಲಿಲ್ಲ. ಹತ್ತನೇ ನಿಮಿಷ, ಇಪ್ಪತ್ತು, ಮೂವತ್ತೆಂಟು, ಏನೂ ಇಲ್ಲ. ಅಂದ್ರೆ ಸ್ಯಾಂಪಲಿನ ಎಣಿಕೆ ಟೇಪಲ್ಲೇ ಬರೆದು ಆಗಿದೆ, ಎಷ್ಟು ಸಲ ಓಡಿಸಿದ್ರೂ ಅಷ್ಟೇ ಬರುದು, ಚಳಿಗಾಲದಲ್ಲಿ ಓಡಿಸಿದ್ರೂ ಅಷ್ಟೇ, ಬೇರೆ ಮಷೀನಲ್ಲಿ ಓಡಿಸಿದ್ರೂ ಅಷ್ಟೇ. ಮಷೀನಿನ ಗಡಿಯಾರ ಚೂರು ನಿಧಾನ ಆದ್ರೆ ಎಣಿಸುವವನೂ ಅದರ ಜೊತೆ ನಿಧಾನ ಆದ್ರಾಯ್ತು.

ಪೂರ್ತಿ ಏನೂ ಇಲ್ಲ ಅಂತ ಹೇಳಿದ್ದು ಚೂರು ಸುಳ್ಳು, 22ನೇ ನಿಮಿಷದಲ್ಲಿ ಢೋಲಕ್ ಟ್ರ್ಯಾಕಲ್ಲಿ ಎರಡು ಸಣ್ಣ ಚುಕ್ಕೆ ಕಂಡಿತು. ಟೇಪಲ್ಲಿ ಓದ್ಲಿಕ್ಕೆ ಆಗದ ಜಾಗ ಬಂದಾಗ ಮಷೀನು ಅಕ್ಕಪಕ್ಕದ ಸ್ಯಾಂಪಲ್ ನೋಡಿ ಅಂದಾಜಲ್ಲಿ ತುಂಬಿಸ್ತದೆ, ಒಂದು ಸಲ ಓಡಿಸುವಾಗ ಸರಿ ಓದಿದ್ದನ್ನು ಇನ್ನೊಂದು ಸಲ ಓದದೆ ಅಂದಾಜು ಮಾಡಿರ್ತದೆ, ಹಾಗಾಗಿ ಎರಡು ಪಾಸು ಅಲ್ಲಿ ಮಾತ್ರ ಒಂದೇ ಅಲ್ಲ. ಮೂರನೇ ಸಲ ಓಡಿಸಿ ಎರಡು ಪಾಸು ಒಪ್ಪಿದ್ದನ್ನು ಇಟ್ಕೊಂಡೆ. ಕಿವಿಗೆ ಗೊತ್ತಾಗದ ದೋಷ ಹೀಗೆ ಸಿಕ್ಕಿಬೀಳ್ತದೆ, ಈಗ ಎಲ್ಲ ಟೇಪಿಗೂ ನಾನು ಎರಡು ಪಾಸ್ ಮಾಡಿಯೇ ಮಾಡುದು. 40 ನಿಮಿಷದ ಎಂಟು ಟ್ರ್ಯಾಕು 16 ಬಿಟ್ಟಿನಲ್ಲಿ 1.84 ಜಿಬಿ ಅಷ್ಟೆ, ಜಾಗದ ಚಿಂತೆ ಇಲ್ಲ.

ಎರಡನೇ ಟೇಪಿಗೆ ಬಂತು ಗ್ರಹಚಾರ. ಹಾಕಿ ಹದಿನೈದು ನಿಮಿಷ ಆಗಿತ್ತು, ಸಿಡಿಲು ಹೊಡೆದು ಕರೆಂಟ್ ಹೋಯ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಉಂಟು, ಮಷೀನಿಗೆ ಎಂತದೂ ಇಲ್ಲ. ಟೇಪು ಹೆಡ್ ಇರುವ ಡ್ರಮ್ಮಿಗೆ ಸುತ್ತಿಕೊಂಡ ಸ್ಥಿತಿಯಲ್ಲೇ ನಿಂತಿತು. ಕರೆಂಟ್ ಬಂದ ಮೇಲೆ ಎಜೆಕ್ಟ್ ಕೊಟ್ರೆ ಕಿರ್ರ್ ಅಂತ ಶಬ್ದ ಮಾಡಿ ಎರರ್ ತೋರಿಸ್ತು. ಒಳಗೆ ರೀಲ್ ತಿರುಗಿಸುವ ಒಂದು ರಬ್ಬರ್ ಚಕ್ರ ಉಂಟು, ಅದು ಹಳತಾಗಿ ಕಲ್ಲಿನ ಹಾಗೆ ಗಟ್ಟಿ ಆಗಿದೆ, ಜಾರ್ತದೆ, ಟೇಪನ್ನು ವಾಪಸ್ ಎಳ್ಕೊಳ್ಳುದಿಲ್ಲ. ಹಾಗೇ ಒತ್ತಾಯ ಮಾಡಿದ್ರೆ ಟೇಪು ಒಳಗೆ ಸಿಕ್ಕಿ ಮಡಚಿ ಹೋಗ್ತಿತ್ತು. ಮೇಲಿನ ಮುಚ್ಚಳ ತೆಗೆದು, ಪ್ಲಗ್ ಕಿತ್ತು, ಕೈಯಲ್ಲಿ ಗೇರ್ ತಿರುಗಿಸಿ ಟೇಪ್ ಬಿಡಿಸ್ಲಿಕ್ಕೆ ಒಂದೂವರೆ ಗಂಟೆ ಹೋಯ್ತು, ಉಸಿರು ಬಿಟ್ಟದ್ದು ಆಮೇಲೆ. ಮರುದಿನವೇ ಯುಪಿಎಸ್ ತಂದೆ, ಮೊದಲೇ ತರ್ಬೇಕಿತ್ತು, ಎಲ್ಲರೂ ಹೀಗೇ ಅಲ್ವಾ.

ನನ್ನ ಮಷೀನ್ ಮಲಗಿತು. ಕಟಪಾಡಿಯಲ್ಲಿ ನನ್ನ ಒಬ್ಬ ಹಳೇ ದೋಸ್ತಿ ಇದ್ದಾನೆ, ಗಲ್ಫಿಂದ ವಾಪಸ್ ಬಂದವ, ಅವನ ಹತ್ತಿರ ಮೊದಲ ಮಾಡೆಲಿನ ಕಪ್ಪು ಏಡ್ಯಾಟ್ ಉಂಟು. ಟೇಪ್ ಹಿಡ್ಕೊಂಡು ಬಸ್ ಹತ್ತಿ ಹೋದೆ. ಅವಸರದಲ್ಲಿ ಆಪ್ಟಿಕಲ್ ಕೇಬಲ್ ಮನೆಯಲ್ಲೇ ಬಿಟ್ಟು ಹೋಗಿದ್ದೆ! ಅವನ ಇಂಟರ್ಫೇಸಿಗೆ ಎಂಟು ಅನಲಾಗ್ ಇನ್ ಇತ್ತು, ಇರ್ಲಿ ಅಂತ ಅನಲಾಗಲ್ಲೇ ರೆಕಾರ್ಡ್ ಮಾಡ್ಕೊಂಡು ಬಂದೆ. ಮನೆಗೆ ಬಂದು ಎರಡನ್ನೂ ಜೋಡಿಸಿದ್ರೆ ಮೊದಲ ಹಾಡು ಲಾಯ್ಕ ಕೂತಿತು. ಮೂರನೇ ಹಾಡಲ್ಲಿ ಎಂತದೋ ಒಂಥರಾ. ಕೊನೇ ಹಾಡಲ್ಲಿ ಹಾಡುವವರು ತಾಳದಿಂದ ಸ್ಪಷ್ಟ ಹಿಂದೆ, ಕ್ಲಿಕ್ಕು ಎರಡೆರಡು ಸಲ ಕೇಳ್ತದೆ.

ಇದನ್ನು ಧಣಿಯ ಮಗನಿಗೆ ಅರ್ಥ ಮಾಡಿಸ್ಲಿಕ್ಕೆ ನಾನು ಬಸ್ಸಿನ ಕಥೆ ಹೇಳಿದೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿಂದ ಉಡುಪಿಗೆ ಎರಡು ಎಕ್ಸ್‌ಪ್ರೆಸ್ ಬಸ್ ಹೊರಡ್ತದೆ ಅಂತ ಇಟ್ಕೊಳ್ಳಿ. ಎರಡರದ್ದೂ ಸ್ಪೀಡ್ ಪಕ್ಕಾ ಒಂದೇ, ಆದ್ರೆ ಒಂದು ಐದು ನಿಮಿಷ ಲೇಟ್ ಹೊರಟಿತು. ಸುರತ್ಕಲ್‌ನಲ್ಲಿ ನೋಡಿದ್ರೂ ಐದು ನಿಮಿಷ, ಮುಲ್ಕಿಯಲ್ಲೂ ಐದು, ಪಡುಬಿದ್ರಿಯಲ್ಲೂ ಐದು, ಉಡುಪಿಯಲ್ಲೂ ಐದೇ. ಅದು ಸುಲಭದ ರೋಗ, ಒಂದೇ ಸಲ ಐದು ನಿಮಿಷ ಸರಿಸಿದ್ರೆ ಎಲ್ಲ ಸ್ಟಾಪಲ್ಲೂ ಸರಿಯಾಗ್ತದೆ. ಇನ್ನೊಂದು ರೋಗ ಎಂತ ಅಂದ್ರೆ, ಎರಡೂ ಒಟ್ಟಿಗೇ ಹೊರಟವು, ಆದ್ರೆ ಒಂದು ಬಸ್ಸಿನ ಡ್ರೈವರ್ ಚೂರು ಮೆತ್ತಗೆ. ಸುರತ್ಕಲ್‌ನಲ್ಲಿ ಗೊತ್ತಾಗುದಿಲ್ಲ, ಮುಲ್ಕಿಯಲ್ಲಿ ಎರಡು ನಿಮಿಷ, ಉಡುಪಿಯಲ್ಲಿ ಹತ್ತು. ಇದನ್ನು ಎಷ್ಟು ಸರಿಸಿದ್ರೂ ಒಂದು ಸ್ಟಾಪಲ್ಲಿ ಸರಿಯಾದ್ರೆ ಇನ್ನೊಂದರಲ್ಲಿ ತಪ್ತದೆ. ಸಿಂಕ್ ಇಲ್ಲ, ಸಿಂಕ್ ಇಲ್ಲ ಅಂತ ಜನ ಎರಡು ರೋಗಕ್ಕೂ ಒಂದೇ ಹೆಸರು ಹೇಳಿ ಒಂದೇ ಮದ್ದು ಕೊಡ್ತಾರೆ, ಅಲ್ಲೇ ಹೊಡೆತ ಬೀಳುದು.

ನಂದು ಎರಡನೇ ರೋಗ. ಮೊದಲ ಟೇಪನ್ನು ಆಪ್ಟಿಕಲಲ್ಲಿ ಮಷೀನಿನ ಗಡಿಯಾರಕ್ಕೆ ಎಣಿಸಿದ್ದು, ಎರಡನೆಯದ್ದನ್ನು ಅನಲಾಗಲ್ಲಿ ದೋಸ್ತಿಯ ಇಂಟರ್ಫೇಸಿನ ಗಡಿಯಾರಕ್ಕೆ ಎಣಿಸಿದ್ದು. ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ವ್ಯತ್ಯಾಸ ಅಂದ್ರೆ ಕೇಳ್ಲಿಕ್ಕೆ ಎಂತದೂ ಇಲ್ಲ, ಆದ್ರೆ 40 ನಿಮಿಷಕ್ಕೆ ಅದು 48 ಮಿಲಿಸೆಕೆಂಡ್ ಆಗ್ತದೆ, 2,304 ಸ್ಯಾಂಪಲ್. ತಬಲಕ್ಕೆ ಅಷ್ಟು ಸಾಕು, ಮಾನ ಹೋಗ್ಲಿಕ್ಕೆ. ದೋಸ್ತಿ ಹೇಳಿದ, ಟೈಮ್ ಸ್ಟ್ರೆಚ್ ಮಾಡು ಮಾರಾಯ, ಅದಕ್ಕೇನು ಅಂತ. ಅಂದ್ರೆ ಸಾಫ್ಟ್‌ವೇರಲ್ಲಿ ಶಬ್ದವನ್ನು ಎಳೆದೋ ಕುಗ್ಗಿಸಿಯೋ ಉದ್ದ ಸರಿ ಮಾಡುದು. ಮಾಡ್ಲಿಕ್ಕಾಗ್ತದೆ, ಅರ್ಜೆಂಟ್ ಇದ್ರೆ ಮಾಡ್ಲೂಬಹುದು, ಆದ್ರೆ ಹಾಗೆ ಮಾಡಿದ್ರೆ ಪ್ರತಿಯೊಂದು ಸ್ಯಾಂಪಲೂ ಹೊಸತಾಗಿ ಲೆಕ್ಕ ಹಾಕಿ ಬರೆದದ್ದು ಆಗ್ತದೆ, ಟೇಪಲ್ಲಿ ಇದ್ದದ್ದು ಯಾವುದೂ ಉಳಿಯುದಿಲ್ಲ. ಸರಿಯಾದ ಎಣಿಕೆ ಟೇಪಲ್ಲೇ ಇರುವಾಗ ತಪ್ಪು ಎಣಿಸಿ ಆಮೇಲೆ ತಿದ್ದುದು ಎಂತಕ್ಕೆ?

ಮುಂದಿನ ಭಾನುವಾರ ಹೋಗಿ ಆ ಕಪ್ಪು ಮಷೀನನ್ನೇ ಹೊತ್ತು ತಂದೆ. ಬಸ್ಸಲ್ಲಿ ಮಡಿಲಲ್ಲಿ ಇಟ್ಕೊಂಡು ಕೂತಿದ್ದೆ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಇದೆಂತ ವಿಸಿಆರಾ ಅಂತ ಕೇಳಿದ್ರು, ಹೌದು ಅಂದೆ, ಈಗ ಯಾರು ನೋಡ್ತಾರೆ ಅಂದ್ರು.

ಮನೆಯಲ್ಲಿ ಆಪ್ಟಿಕಲಿಗೆ ಹಾಕಿ, ಕ್ಲಾಕ್ ಅದಕ್ಕೇ ಕೊಟ್ಟು, ಎರಡನೇ ಟೇಪ್ ಓಡಿಸಿದೆ. ಈಗ ಸ್ಪೀಡಿನ ರೋಗ ಇಲ್ಲ, ಉಳಿದದ್ದು ಹೊರಡುವ ಜಾಗ ಮಾತ್ರ. ಧಣಿಗೆ ಒಂದು ಒಳ್ಳೆ ಅಭ್ಯಾಸ ಇತ್ತು, ಎರಡು ಟೇಪಿನ ಕೆಲಸ ಆದ್ರೆ ಮೊದಲ ಟೇಪಿನ ಕ್ಲಿಕ್ಕನ್ನು ಎರಡನೆಯದರ ಎಂಟನೇ ಟ್ರ್ಯಾಕಿಗೆ ಕಾಪಿ ಮಾಡಿ ಇಡುದು. ಆಗ ನಾವು ಒಂದು ಟ್ರ್ಯಾಕ್ ದಂಡ ಮಾಡ್ತಾರೆ ಅಂತ ಬೈಕೊಳ್ತಿದ್ವಿ. ಈಗ ಅದೇ ಕ್ಲಿಕ್ಕು ಹಿಡ್ಕೊಂಡು, ದೊಡ್ಡದು ಮಾಡಿ, ಅಲೆಯ ಏರು ಶುರುವಾಗುವ ಜಾಗಕ್ಕೆ ಅಲೆ ಕೂರಿಸಿದೆ. ಮೊದಲ ಹಾಡು, ಕೊನೇ ಹಾಡು, ಎರಡೂ ಕಡೆ ಒಂದೇ. ನೀವು ಹೀಗೆ ಮಾಡುದಾದ್ರೆ ಶುರುವಿನಲ್ಲಿ ಮಾತ್ರ ನೋಡಿ ಬಿಡ್ಬೇಡಿ, ಕೊನೇ ನಿಮಿಷದಲ್ಲೂ ನೋಡಿ, ಅಲ್ಲಿ ಜಾರಿದ್ರೆ ಕ್ಲಾಕ್ ತಪ್ಪಿದೆ ಅಂತ ಲೆಕ್ಕ.

ಯಾರೋ ಕೇಳಬಹುದು, ಟೇಪ್ ಈಗ ಎಲ್ಲಿದೆ ಅಂತ ಒಂದು ಮಷೀನು ಇನ್ನೊಂದಕ್ಕೆ ಹೇಳುವ ಮಿಡಿ ಟೈಮ್‌ಕೋಡ್ ಕೊಟ್ಟು ಲಾಕ್ ಮಾಡ್ಬಹುದಿತ್ತಲ್ಲ ಅಂತ. ಮಾಡ್ಬಹುದು, ಬಿಆರ್‌ಸಿ ಅಂತ ಆ ಕಾಲದ ದೊಡ್ಡ ರಿಮೋಟ್ ಇದ್ರೆ ಅದು ಟೈಮ್‌ಕೋಡ್ ಕೊಡ್ತದೆ. ಆದ್ರೆ ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮಿಗೆ 1,920 ಸ್ಯಾಂಪಲ್, ಮಿಡಿಯಲ್ಲಿ ಅದು ಕಾಲು ಕಾಲು ಫ್ರೇಮಾಗಿ ಬರುದು, ಅಂದ್ರೆ 480 ಸ್ಯಾಂಪಲಿಗೊಂದು ಸುದ್ದಿ. ಅದು ಎಲ್ಲಿದ್ದೇವೆ ಅಂತ ಹೇಳ್ತದೆ, ಮನೆ ನಂಬರ್ ಹೇಳುದಿಲ್ಲ. ಕೇರಿ ಗೊತ್ತಾಗ್ತದೆ ಅಷ್ಟೆ. ಮನೆ ನಂಬರ್ ಸಮೇತ ಬೇಕಾದ್ರೆ ಏಡ್ಯಾಟಿನ ಆ 9 ಪಿನ್ನಿನ ಸಿಂಕ್ ಬೇಕು, ಅದನ್ನು ನೇರ ತಗೊಳ್ಳುವ ಇಂಟರ್ಫೇಸ್ ಹಳತರಲ್ಲಿ ಕೆಲವು ಉಂಟು, ಮೋಟು ಕಂಪನಿಯ 2408, 828 ಮಾರ್ಕ್ 2 ಇವೆಲ್ಲ. ನನ್ನ ಹತ್ತಿರ ಇಲ್ಲ.

ಆದ್ರೆ ಎರಡು ಮಷೀನ್ ಇದ್ರೆ ಅದರ ಅಗತ್ಯವೇ ಇಲ್ಲ. ನನ್ನ ಎಕ್ಸ್‌ಟಿಯ ರಬ್ಬರ್ ಚಕ್ರಕ್ಕೆ ಹಂಪನಕಟ್ಟೆಯಲ್ಲಿ ಹಳೇ ವಿಸಿಆರ್ ರಿಪೇರಿ ಮಾಡ್ತಿದ್ದ ಒಬ್ರು ಅಳತೆಯ ರಬ್ಬರ್ ಹುಡುಕಿ ಕೂರಿಸಿ ಕೊಟ್ರು, ಚಾರ್ಜ್ ತಗೊಳ್ಳಲಿಲ್ಲ, ಇಷ್ಟು ವರ್ಷ ಆಯ್ತು ಯಾರೂ ಮೆಕಾನಿಸಂ ತಂದೇ ಇಲ್ಲ ಅಂದ್ರು. ಎರಡು ಮಷೀನನ್ನು 1998ರಲ್ಲಿ ಇಡ್ತಿದ್ದ ಹಾಗೇ ಒಂದರ ಮೇಲೊಂದು ಇಟ್ಟು, ಒಂದರ ಸಿಂಕ್ ಔಟಿಂದ ಇನ್ನೊಂದರ ಸಿಂಕ್ ಇನ್ನಿಗೆ ಕೇಬಲ್ ಹಾಕಿ, ಎರಡು ಆಪ್ಟಿಕಲ್ ಇನ್ ಇರುವ ಇಂಟರ್ಫೇಸ್ ಸಾಲ ತಂದು, ಪ್ಲೇ ಒತ್ತಿದೆ. ಎರಡನೇ ಮಷೀನು ಕೆಲವು ಸೆಕೆಂಡ್ ಹುಡುಕಾಡ್ತದೆ, ಟೇಪ್ ಚೂರು ಮುಂದೆ ಚೂರು ಹಿಂದೆ ಎಳೀತದೆ, ಆಮೇಲೆ ಲಾಕ್ ಲೈಟು ನಿಲ್ತದೆ. ನಾನು ಬೆಳಿಗ್ಗೆ ಗೋಳಿಬಜೆ ತಿಂತಾ ಬರೆಸಿದ್ದ ನಂಬರನ್ನು ಎರಡೂ ಓದಿ ಒಪ್ಪಂದಕ್ಕೆ ಬಂದದ್ದು ಅದು. ಹದಿನಾರು ಟ್ರ್ಯಾಕು ಒಟ್ಟಿಗೆ ಬಂತು.

ಇನ್ನು ಕುತೂಹಲದ ವಿಷಯ. ನಾನು ಕೈಯಲ್ಲಿ ಕ್ಲಿಕ್ ನೋಡಿ ಜೋಡಿಸಿದ್ದಕ್ಕೂ ಈ ಮಷೀನ್ ಲಾಕಿಗೂ 74 ಸ್ಯಾಂಪಲ್ ವ್ಯತ್ಯಾಸ ಬಂತು, ಎಲ್ಲ ಹಾಡಲ್ಲೂ ಅದೇ 74. ಮೊದಲು ನಾನೇ ತಪ್ಪಿದೆ ಅಂತ ನಾಲ್ಕು ಸಲ ನೋಡಿದೆ. ಆಮೇಲೆ ಹೊಳೆಯಿತು, ಆ ಕ್ಲಿಕ್ಕು ಮೊದಲ ಮಷೀನಿಂದ ಅನಲಾಗ್ ಆಗಿ ಹೊರಗೆ ಬಂದು, ಮಿಕ್ಸರ್ ದಾಟಿ, ಎರಡನೇ ಮಷೀನಲ್ಲಿ ವಾಪಸ್ ಡಿಜಿಟಲ್ ಆದದ್ದು, ಎರಡು ಕನ್ವರ್ಟರ್ ದಾಟ್ಲಿಕ್ಕೆ ಅಷ್ಟು ಹೊತ್ತು ಬೇಕಾಗಿದೆ. 74 ಸ್ಯಾಂಪಲ್ ಅಂದ್ರೆ ಒಂದೂವರೆ ಮಿಲಿಸೆಕೆಂಡ್, ಶಬ್ದ ಅರ್ಧ ಮೀಟರ್ ಹೋಗುವಷ್ಟು ಹೊತ್ತು. ತಬಲದವರು ಅರ್ಧ ಮೀಟರ್ ಹಿಂದೆ ಚಾಪೆ ಎಳ್ಕೊಂಡು ಕೂತ ಹಾಗೆ, ಯಾರಿಗೂ ಗೊತ್ತಾಗುದಿಲ್ಲ. ಮತ್ತೆ ಯೋಚಿಸಿದ್ರೆ ಹಾಡಿದವರೂ ಅದೇ ದಾರಿಯಲ್ಲಿ ಬಂದ ತಾಳ ಕೇಳಿಕೊಂಡು ಹಾಡಿದ್ದು, ಅವರ ಧ್ವನಿಯೂ ಅಷ್ಟೇ ತಡವಾಗಿ ಟೇಪಿಗೆ ಹತ್ತಿದ್ದು, ಹಾಗಾಗಿ ಯಾವುದು ಹೆಚ್ಚು ಸರಿ ಅಂತ ವಾದ ಮಾಡಿದ್ರೆ ಕ್ಲಿಕ್ಕಿಗೆ ಜೋಡಿಸಿದ್ದೇ ಹೆಚ್ಚು ಸರಿ ಅಂತ ಹೇಳ್ಲಿಕ್ಕೂ ಬರ್ತದೆ. ನಾನು ಮಷೀನ್ ಲಾಕಿಂದ ಬಂದದ್ದನ್ನು ಹಾಗೇ ಇಟ್ಟೆ, ಆಗ ಮಿಕ್ಸ್ ಮಾಡಿದ್ದು ಅದನ್ನೇ ಕೇಳಿ.

ಯಕ್ಷಗಾನದ ಒಂದು ಟೇಪಿನ ಕಥೆ ಬೇರೆ. ಅದು ಒಂದೇ ಟೇಪು, ಸಿಂಕಿನ ಗೋಜಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಶ್ರುತಿ, ಎಲ್ಲ ಬೇರೆ ಬೇರೆ ಟ್ರ್ಯಾಕು. ಹಾಕಿ ಕೇಳಿದ್ರೆ ಭಾಗವತರು ಮೇಳ ತಪ್ಪಿಸಿ ಓಡುವವರ ಹಾಗೆ ಗಡಿಬಿಡಿಯಲ್ಲಿ ಹಾಡ್ತಿದ್ದಾರೆ. ಲೇಬಲಲ್ಲಿ ಶ್ರುತಿ ಕಪ್ಪು ಎರಡು ಅಂತ ಬರೆದದ್ದು ಉಂಟು. ಹಾರ್ಮೋನಿಯಂ ತಂದು ಹಿಡಿದ್ರೆ ಅದು ಬಿಳಿ ಮೂರಕ್ಕೂ ಬಿಳಿ ನಾಲ್ಕಕ್ಕೂ ನಡುವೆ, ಯಾವ ಮನೆಗೂ ಕೂರುದಿಲ್ಲ. ಅಲ್ಲಿ ಸಿಕ್ಕಿತು. ಹಳೇ ಕಪ್ಪು ಮಾಡೆಲಲ್ಲಿ 44.1, ಅಂದ್ರೆ ಸೆಕೆಂಡಿಗೆ 44,100 ಸ್ಯಾಂಪಲ್, ಅಂತ ಬಟನ್ ಇರ್ಲಿಲ್ಲ, ಸಿಡಿಗೆ ಹೋಗುವ ಕೆಲಸ ಆದ್ರೆ ಪಿಚ್ ಕಂಟ್ರೋಲನ್ನು ಸುಮಾರು 147 ಸೆಂಟ್ (ನೂರು ಸೆಂಟ್ ಅಂದ್ರೆ ಹಾರ್ಮೋನಿಯಂನ ಒಂದು ಮನೆ) ಇಳಿಸಿ ರೆಕಾರ್ಡ್ ಮಾಡುದು, ಆಗ 48 ಇದ್ದದ್ದು 44.1 ಆಗ್ತದೆ. ಅದನ್ನು ಈಗ 48ರಲ್ಲಿ ಓಡಿಸಿದ್ರೆ ಹೆಚ್ಚುಕಡಿಮೆ ಒಂದೂವರೆ ಮನೆ ಮೇಲೆ ಹೋಗ್ತದೆ. ಇದಕ್ಕೆ ಎಂತದೂ ರಿಪೇರಿ ಬೇಡ, ಸ್ಯಾಂಪಲ್ ಎಲ್ಲ ಸರಿಯೇ ಇದೆ, ಫೈಲಿನ ತಲೆಯಲ್ಲಿ 48,000 ಅಂತ ಇರುವ ಜಾಗದಲ್ಲಿ 44,100 ಅಂತ ಬದಲಾಯಿಸಿದ್ರೆ ಸಾಕು. ಕನ್ವರ್ಟ್ ಮಾಡ್ಲಿಕ್ಕೆ ಹೋಗ್ಬೇಡಿ, ಕನ್ವರ್ಟ್ ಮಾಡಿದ್ರೆ ತಪ್ಪು ಶ್ರುತಿಯೇ ಖಾಯಂ ಆಗ್ತದೆ. ಬದಲಾಯಿಸಿ ಪ್ಲೇ ಕೊಟ್ಟೆ, ಭಾಗವತರು ನಿಧಾನಕ್ಕೆ ಕಪ್ಪು ಎರಡಕ್ಕೆ ಬಂದು ಕೂತ್ರು.

ಆಗ ಒಂದು ಬೇಜಾರೂ ಆಯ್ತು. ನಮ್ಮ ಪ್ರಾಯದವರಿಗೆ ಯಕ್ಷಗಾನ ಕ್ಯಾಸೆಟ್ ಅಂದ್ರೆ ಮೊದಲು ಭಾಗವತ ಕಾಳಿಂಗ ನಾವಡರು. ಅವರು ಹೋದದ್ದು 1990ರಲ್ಲಿ, ಈ ಮಷೀನು ಬಂದದ್ದು ಅದರ ಮೇಲೆ. ಅವರ ಧ್ವನಿ ಮಾತ್ರ ಬೇರೆ, ಚೆಂಡೆ ಮಾತ್ರ ಬೇರೆ ಅಂತ ಒಂದು ಏಡ್ಯಾಟ್ ಟೇಪು ಯಾವ ಅಟ್ಟದಲ್ಲಿ ಹುಡುಕಿದ್ರೂ ಸಿಗ್ಲಿಕ್ಕಿಲ್ಲ.

ಫೈಲಿಗೆ ಹೆಸರು ಇಡುದು ಸಣ್ಣ ಕೆಲಸ ಅಂತ ತಿಳ್ಕೊಂಡಿದ್ದೆ, ಅದಕ್ಕೇ ಎರಡು ತಿಂಗಳು ಹೋಯ್ತು. ಧಣಿಯ ಟ್ರ್ಯಾಕ್ ಶೀಟು ಗೆದ್ದಲು ತಿಂದು ಅರ್ಧ, ಹಾಗಾಗಿ ಪ್ರತಿ ಟ್ರ್ಯಾಕ್ ಒಂದೊಂದಾಗಿ ಸೋಲೋ ಮಾಡಿ ಕೇಳಿ ಬರೆಯುದು. ಕೊಳಲಿನ ಟ್ರ್ಯಾಕಿನ ಕೊನೆಯಲ್ಲಿ ಕೋರಸಿನ ಒಂದು ಸಾಲು, ಟ್ರ್ಯಾಕ್ ಸಾಕಾಗದೆ ಜಾಗ ಇದ್ದಲ್ಲಿ ತುರುಕಿದ್ದು. ಒಂದು ಕಡೆ ಹಾಡು ಮುಗಿದ ಮೇಲೆ ಮೈಕ್ ಬಂದ್ ಮಾಡದೆ, ಹಾಡಿದವರು ನೀರು ಕೇಳುದು, ಧಣಿ ತುಳುವಲ್ಲಿ ಇನ್ನೊಂದು ಟೇಕ್ ತಗೊಳ್ಳುವ ಅಂತ ಹೇಳುದು, ದೂರದಲ್ಲಿ ನಾನು ಟೇಪ್ ಮುಗೀಲಿಕ್ಕೆ ಮೂರು ನಿಮಿಷ ಇದೆ ಅಂತ ಕೂಗುದು. ನನ್ನ ಧ್ವನಿ ಅಷ್ಟು ಸಪೂರ ಇತ್ತಾ ಅಂತ ಹೆಂಡತಿಗೆ ನಗು. ಅದನ್ನು ಕಟ್ ಮಾಡ್ಲಿಲ್ಲ. ಎಲ್ಲ ಫೈಲು ಟೇಪಿನ ಸೊನ್ನೆಯಿಂದ ಶುರು, ಕೊನೆ ತನಕ ಒಂದೇ ಉದ್ದ, ನಡುವಲ್ಲಿ ಖಾಲಿ ಇದ್ರೂ ಖಾಲಿಯೇ ಇರ್ಲಿ. ಹಾಗೆ ಇದ್ರೆ ನಾಳೆ ಯಾವ ಸಾಫ್ಟ್‌ವೇರಿಗೆ ಎಳೆದು ಹಾಕಿದ್ರೂ ಎಡ ಬದಿಗೆ ತಾಗಿಸಿ ಇಟ್ರೆ ಹದಿನಾರೂ ಜೋಡ್ತದೆ, ನನ್ನ ಪ್ರಾಜೆಕ್ಟ್ ಫೈಲ್ ಬೇಕಂತಿಲ್ಲ.

ಎರಡು ಹಾರ್ಡ್ ಡಿಸ್ಕಿಗೆ ಹಾಕಿ ಒಂದು ಧಣಿಯ ಮಗನಿಗೆ ಕೊಟ್ಟೆ, ಒಂದು ನನ್ನ ಹತ್ತಿರ. ಟೇಪನ್ನು ಇನ್ನು ಬಿಸಾಡುದಾ ಅಂತ ಅವ ಮತ್ತೆ ಕೇಳಿದ, ಮತ್ತೆ ಬೇಡ ಅಂದೆ. 27ರಲ್ಲಿ 16 ಆಗಿದೆ, ಆರು ಬೂಸ್ಟಿನವು ಬೇರೆ ಉಂಟು, ಅವನ್ನು ಮಳೆ ಮುಗಿದ ಮೇಲೆ ನೋಡುದು, ಉಳಿದ ಐದನ್ನು ಈ ತಿಂಗಳು ಮುಗಿಸ್ಬೇಕು ಅಂತ ಉಂಟು, ಯಾಕಂದ್ರೆ ಕಟಪಾಡಿಯವ ಮಷೀನ್ ಯಾವಾಗ ವಾಪಸ್ ಕೊಡ್ತಿ ಅಂತ ಕೇಳ್ಲಿಕ್ಕೆ ಶುರು ಮಾಡಿದ್ದಾನೆ. ಅವನ ಟಿವಿಯ ಬಾಕ್ಸ್ ಇಡ್ಲಿಕ್ಕೆ ಜಾಗ ಇಲ್ವಂತೆ. ಪರಿಚಯದವರಿಗೆ ಒಂದು ವಿನಂತಿ, ರಾತ್ರಿ ಒಂಬತ್ತರ ಮೇಲೆ ಬಾಗಿಲು ಬಡಿಯುದು, ಮಿಕ್ಸಿ ತಿರುಗಿಸುದು, ಇಸ್ತ್ರಿ ಪೆಟ್ಟಿಗೆ ಹಾಕುದು ಎಲ್ಲ ಬೇಡ, ಟೇಪ್ ಓಡ್ತಾ ಇರ್ತದೆ, ಯುಪಿಎಸ್ ಸಣ್ಣದು.